ಹನ್ನೊಂದು ಮನೆಯ ಮುಯ್ಯಾಳು

ನಮ್ಮ ಮನೆ ಬಾಗಿಲಿಗೆ ಪಂಚಾಯ್ತಿಯೋರು ನೋಟಿಸು ಅಂಟಿಸಿದ್ದು ಮಂಗಳವಾರ. ನಾನು ಒಳಗೇ ಇದ್ದೆ ಕಣ್ರೀ. ಒಂದು ಕೂಗು ಹಾಕಿದ್ರೆ ಬರ್ತಿದ್ದೆ. ಬಿಲ್ ಕಲೆಕ್ಟರ್ ಚಿಕ್ಕಹನುಮಯ್ಯ ಕೂಗಲಿಲ್ಲ. ಹೋದ ದೀಪಾವಳಿಗೆ ಬಣ್ಣ ಹೊಡೆಸಿದ ಬಾಗಿಲಿಗೆ ಗೋಂದು ಮೆತ್ತಿ, ಕಾಗದ ಅಂಟಿಸಿ, ಅದರ ಫೋಟೋ ಬೇರೆ ತಕ್ಕೊಂಡು ಹೋಗವ್ನೆ. ನಾನು ಹೊರಗೆ ಬರೋ ಹೊತ್ತಿಗೆ ಅವನ ಗಾಡಿ ಬಸ್ ಸ್ಟ್ಯಾಂಡು ದಾಟಿತ್ತು. ಬಾಯಿಗೆ ಬಂದಂಗೆ ಬೈದೆ. ಅವನಿಗೆ ಕೇಳಿಸಲಿಲ್ಲ, ಬೀದಿಗೆಲ್ಲ ಕೇಳಿಸ್ತು.

ನಮ್ಮನೆಯೋರು ಭೀಮರಾಜು ಪುರವರದ ಹೈಸ್ಕೂಲಲ್ಲಿ ಅಟೆಂಡರು. ಸಂಜೆ ಬಂದು, ಕನ್ನಡಕ ಹಾಕ್ಕೊಂಡು, ಬಾಗಿಲ ಮುಂದೆ ನಿಂತೇ ಓದಿದ್ರು. "ಶ್ರೀಮತಿ ಈಶ್ವರಮ್ಮ ಎಂಬುವರು ವಾಸದ ಮನೆಯಲ್ಲಿ, ಪರವಾನಗಿ ಪಡೆಯದೆ, ಹತ್ತು ಮಂದಿ ಕೂಲಿಯಾಳುಗಳನ್ನು ಇಟ್ಟುಕೊಂಡು ಹುಣಸೆಹಣ್ಣಿನ ಉದ್ಯಮ ನಡೆಸುತ್ತಿರುವುದಾಗಿ ದೂರು ಬಂದಿರುತ್ತದೆ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸ್ಥಳ ತನಿಖೆ. ಆಳುಗಳ ಸಮೇತ ಹಾಜರಿರತಕ್ಕದ್ದು. ತಪ್ಪಿದಲ್ಲಿ ಕೆಲಸ ನಿಲ್ಲಿಸಿ ಬೀಗ ಹಾಕಲಾಗುವುದು."

ಓದಿ ಮುಗಿಸಿ ಕನ್ನಡಕ ತೆಗೆದ್ರು. "ಮುಚ್ಚಿಬುಡು ಅತ್ಲಾಗೆ. ನನ್ನ ಸಂಬಳ ಐತಲ್ಲ," ಅಂದ್ರು.

"ನಿಮ್ಮ ಸಂಬಳ ನಿಮ್ಮ ಜೇಬಲ್ಲಿರ್ಲಿ. ನನ್ನ ಹಣ್ಣು ನನ್ನ ಅಂಗಳದಲ್ಲಿರ್ತದೆ," ಅಂದೆ. ಅವರು ಕಾಫಿ ಕೇಳಬೇಕು ಅಂತ ಬಾಯಿ ತೆಗೆದೋರು ಅಂಗೇ ಮುಚ್ಕೊಂಡ್ರು.

ದೂರು ಕೊಟ್ಟೋನು ಯಾರು ಅಂತ ಯಾರೂ ಹೇಳಬೇಕಾಗಿರ್ಲಿಲ್ಲ. ಮಧುಗಿರಿ ರಸ್ತೆಯಲ್ಲಿ ಶೀಟಿನ ಶೆಡ್ಡು ಹಾಕ್ಕೊಂಡವ್ನಲ್ಲ, ನಾಗಭೂಷಣಪ್ಪ, ಅವನೇ. ಮೊದಲು ನಾವೆಲ್ಲ ಅವನ ಶೆಡ್ಡಿಗೇ ಹೋಗ್ತಿದ್ದೋರು. ಅವನು ರೈತರ ಹತ್ರ ಹುಣಸೆಹಣ್ಣು ಕೊಂಡು ತಂದು ರಾಶಿ ಸುರಿಯೋನು. ನಾವು ಹೆಂಗಸ್ರು ಕೂತು ಸಿಪ್ಪೆ ಬಿಡಿಸಿ, ಕೊಡತಿಯಲ್ಲಿ ಕುಟ್ಟಿ, ಬೀಜ ನಾರು ತೆಗೆದು ಕೊಡೋರು. ಕೆಲಸಕ್ಕೆ ನಾನು ಅಂಜೋಳಲ್ಲ. ಸಂಜೆ ಗೇಟಲ್ಲಿ ನಡೀತಿತ್ತಲ್ಲ, ಅದು ನನ್ನ ಹೊಟ್ಟೆ ಉರಿಸಿದ್ದು. ಮನೆಗೆ ಹೊರಡೋ ಹೊತ್ತಿಗೆ ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬಳೇ ಸೆರಗು ಒದರಿ, ಮಡಿಲು ಬಿಚ್ಚಿ ತೋರಿಸ್ಬೇಕು, ಹಣ್ಣು ಕದ್ದಿಲ್ಲ ಅಂತ. ಎಂಟು ವರ್ಷ ತೋರಿಸಿದೆ. ಒಂದಿನ ಮುಟ್ಟಾಗಿದ್ದೆ. ಸೊಂಟ ಹಿಡಕೊಂಡು ನಿಂತು, "ಅಣ್ಣ, ಇವತ್ತೊಂದಿನ ಬೇಡ," ಅಂದೆ. "ಎಲ್ಲಾರ್ಗೂ ಒಂದೇ ರೂಲ್ಸು," ಅಂದ. ಅವತ್ತೇ ಕೊನೆ. ಸತ್ರೂ ಆ ಗೇಟಿಗೆ ಕಾಲಿಡಲ್ಲ ಅಂತ ಬಂದ್ಬುಟ್ಟೆ.

ನನ್ನ ಹಿಂದೆ ವನಜಾಕ್ಷಿ ಬಂದ್ಳು. ಅವಳ ಹಿಂದೆ ಇನ್ನೂ ಒಂಬತ್ತು ಜನ. ವನಜಾಕ್ಷಿ ನಮ್ಮ ಓಣಿಯ ಕೊನೇ ಮನೆಯೋಳು, ನನಗಿಂತ ಆರು ವರ್ಷ ಚಿಕ್ಕೋಳು, ಬಾಯಲ್ಲಿ ನನಗಿಂತ ಹತ್ತು ವರ್ಷ ದೊಡ್ಡೋಳು. ಒಂದೊಂದು ಮನೆಯೋರು ಒಂದೆರಡು ಮರದ ಫಸಲು ಗುತ್ತಿಗೆ ಹಿಡಿದ್ವಿ. ಆದರೆ ಒಬ್ಬಳೇ ಕೂತು ಕುಟ್ಟಿದ್ರೆ ಒಂದು ಮರದ ಹಣ್ಣು ತಿಂಗಳಾದ್ರೂ ಮುಗಿಯಲ್ಲ. ಅಷ್ಟರಲ್ಲಿ ಮುಂಗಾರಿನ ಮೊದಲ ಮಳೆ ಬಿದ್ರೆ ಹಣ್ಣು ಕಪ್ಪಾಗ್ತದೆ, ಯಾವ ಮಂಡಿಯೋನೂ ಮೂಸಿ ನೋಡಲ್ಲ. ಅದಕ್ಕೇ ಮುಯ್ಯಾಳು ಮಾಡ್ಕೊಂಡ್ವಿ. ಇವತ್ತು ಹನ್ನೊಂದು ಜನವೂ ನಮ್ಮ ಮನೇಲಿ, ನಾಳೆ ಹನ್ನೊಂದು ಜನವೂ ವನಜಾಕ್ಷಿ ಮನೇಲಿ, ನಾಳಿದ್ದು ಇನ್ನೊಬ್ಬಳ ಮನೇಲಿ. ಕೂಲಿ ಗೀಲಿ ಇಲ್ಲ. ಯಾರ ಮನೆ ಹಣ್ಣೋ ಅವರ ಮನೇಲಿ ಮುದ್ದೆ ಸಾರು. ನಮ್ಮವ್ವ ರಾಗಿ ಕುಯ್ಲಿಗೆ ಇಂಗೇ ಮಾಡ್ತಿದ್ಳು, ಅವಳ ಅತ್ತೆಯೂ ಇಂಗೇ ಮಾಡ್ತಿದ್ಳಂತೆ.

ಇಷ್ಟೇ ಆಗಿದ್ರೆ ನೋಟಿಸನ್ನ ಹರಿದು ಒಲೆಗೆ ಹಾಕ್ತಿದ್ದೆ. ಆದರೆ ನಾನೇ ಒಂದು ಘನಂದಾರಿ ಕೆಲಸ ಮಾಡ್ಕೊಂಡಿದ್ದೆ. ಅದನ್ನೂ ಹೇಳ್ತೀನಿ, ಮುಚ್ಚಿಡೋದು ಏನೈತೆ.

ಮಾರ್ಚಿ ತಿಂಗಳಲ್ಲಿ ಮಹಿಳಾ ದಿನಾಚರಣೆ ಬಂತಲ್ಲ, ಮಧುಗಿರಿಯ ಒಂದು ಸಂಘದೋರು ನನಗೆ ಸನ್ಮಾನ ಅಂದ್ರು. "ಎಷ್ಟು ಜನಕ್ಕೆ ಕೆಲಸ ಕೊಟ್ಟಿದೀರಾ ಅಮ್ಮ?" ಅಂತ ಫೋನಲ್ಲಿ ಕೇಳಿದ್ರು. ಕೊಟ್ಟಿಲ್ಲ ಅನ್ನಬೇಕಿತ್ತು. "ಹತ್ತು ಜನ ಬರ್ತಾರೆ," ಅಂದೆ. ಮೂರು ದಿನಕ್ಕೆ ನಮ್ಮ ಬಸ್ ಸ್ಟ್ಯಾಂಡಲ್ಲಿ ಆಳೆತ್ತರದ ಫ್ಲೆಕ್ಸು. ನನ್ನ ಮುಖ ಮೊರದಗಲ. ಕೆಳಗೆ, "ಹತ್ತು ಬಡ ಮಹಿಳೆಯರಿಗೆ ಉದ್ಯೋಗ ನೀಡಿದ ಯಶಸ್ವಿ ಉದ್ಯಮಿ." ನಾನು ದಿನಾ ಹಾಲು ತರೋ ನೆಪದಲ್ಲಿ ಆ ಕಡೆಯಿಂದಲೇ ಹೋಗ್ತಿದ್ದೆ. ಸುಳ್ಳು ಹೇಳಿದ್ರೆ ನಾಲಿಗೆ ಸೇದೋಗ್ಲಿ, ಬಲು ಖುಷಿಯಾಗಿತ್ತು ಕಣ್ರೀ. ನನ್ನ ಮದುವೇಲೂ ನನ್ನ ಫೋಟೋನ ಅಷ್ಟು ಜನ ನೋಡಿರ್ಲಿಲ್ಲ.

ಅಷ್ಟಕ್ಕೇ ಮುಗೀಲಿಲ್ಲ. ಸಭೇಲಿ ಶಾಲು ಹೊದಿಸಿ ಕೈಗೆ ಮೈಕು ಕೊಟ್ರು. ಮೈಕು ಸಿಕ್ಕಿದ್ದೇ ತಲೆ ತಿರುಗ್ತು. "ಹತ್ತು ಮನೆ ಒಲೆ ನನ್ನಿಂದ ಉರೀತೈತೆ," ಅಂದ್ಬುಟ್ಟೆ. ಜನ ಚಪ್ಪಾಳೆ ಹೊಡೆದ್ರು. ನಮ್ಮೂರ ಹೆಂಗಸ್ರು ಮೂರನೇ ಸಾಲಲ್ಲಿ ಕೂತಿದ್ರು. ಅವರು ಹೊಡೀಲಿಲ್ಲ. ವನಜಾಕ್ಷಿ ಎದ್ದು ಹೊರಗೆ ಹೋದ್ಳು, ಬಸ್ಸಲ್ಲಿ ನನ್ನ ಪಕ್ಕ ಜಾಗ ಇದ್ರೂ ನಿಂತ್ಕೊಂಡೇ ಬಂದ್ಳು. ಅವತ್ತಿಂದ ನಮ್ಮ ಮನೆ ಸರದಿ ಬಂದಾಗ ಅವಳು ಬರಲಿಲ್ಲ. ನೋಟಿಸು ಬಿದ್ದ ಮೇಲೆ ಉಳಿದೋರೂ ನಿಂತ್ರು. ನಡುಮನೇಲಿ ನನ್ನ ಒಂಬತ್ತು ಮೂಟೆ ಹಣ್ಣು ಅಂಗೇ ಕೂತಿತ್ತು. ಒಬ್ಬಳ ಕೈಲಿ ಆಗೋ ಕೆಲಸ ಅಲ್ಲ. ಕೆಡಿಸ್ಕೊಬೇಕು, ಇಲ್ಲ ನಾಗಭೂಷಣಪ್ಪನ ಶೆಡ್ಡಿಗೆ ಹೊತ್ಕೊಂಡು ಹೋಗಿ ಅವನು ಹೇಳಿದ ರೇಟಿಗೆ ಸುರಿದು, ಮತ್ತೆ ಅವನ ಗೇಟಲ್ಲಿ ನಿಲ್ಲಬೇಕು.

ಬುಧವಾರ ಪಂಚಾಯ್ತಿ ಆಫೀಸಿಗೆ ಹೋದೆ. ಪಿಡಿಒ ಪ್ರಸನ್ನ ಕುಮಾರ್ ಅಂತ, ಆರು ತಿಂಗಳಿಂದ ಇಲ್ಲಿ ಅವ್ರೆ. ಕೆಟ್ಟೋರಲ್ಲ, ಕುರ್ಚಿ ಕೊಟ್ರು, ನೀರೂ ಕೊಟ್ರು. ಆದರೆ ಪುಸ್ತಕ ಬಿಟ್ಟು ಒಂದು ಮಾತೂ ಆಡಲ್ಲ.

"ನೋಡಿ ಈಶ್ವರಮ್ಮನವರೇ, ಮನೆಯವರೇ ಸೇರಿ ಮಾಡೋ ಕೆಲಸಕ್ಕೆ ಪರವಾನಗಿ ಬೇಡ. ಪಂಚಾಯ್ತಿ ಠರಾವಿನಲ್ಲೇ ಇದೆ. ಆದರೆ ಕೂಲಿ ಕೊಟ್ಟು ಹೊರಗಿನವರನ್ನು ಇಟ್ಟುಕೊಂಡರೆ ಅದು ಉದ್ಯಮ. ಪರವಾನಗಿ ಬೇಕು, ಅಕ್ಕಪಕ್ಕದವರ ಒಪ್ಪಿಗೆ ಸಹಿ ಬೇಕು, ಕಂದಾಯವೂ ಬೇರೆ."

"ನಾನು ಯಾರಿಗೂ ಕೂಲಿ ಕೊಡಲ್ಲ ಸಾರ್. ಮುಯ್ಯಾಳು."

"ನೀವೇ ಉದ್ಯೋಗ ಕೊಟ್ಟಿದ್ದೀನಿ ಅಂತ ಹೇಳಿದ್ದೀರಲ್ಲ." ಫೈಲು ತಿರುಗಿಸಿ ತೋರಿಸಿದ್ರು. ದೂರಿನ ಜೊತೆಗೆ ಫ್ಲೆಕ್ಸಿನ ಫೋಟೋ. ಬಣ್ಣದ್ದು. ನನ್ನ ಮುಖ ನನ್ನನ್ನೇ ನೋಡಿ ನಗ್ತಿತ್ತು. "ಶುಕ್ರವಾರ ಬರ್ತೀನಿ. ಕೂಲಿ ಇಲ್ಲ ಅನ್ನೋದನ್ನ ಅವರೆಲ್ಲ ಬಂದು ಹೇಳಲಿ, ಬರ್ಕೋತೀನಿ," ಅಂದ್ರು.

ಒಪ್ಪಿಗೆ ಸಹಿ ಅಂದ್ರೆ ಯಾರು ಹಾಕ್ಬೇಕು? ನಮ್ಮ ಹಿತ್ತಲಿಗೆ ಅಂಟ್ಕೊಂಡು ಚನ್ನಮಲ್ಲಯ್ಯನೋರ ಕಣ ಐತೆ. ಅವರು ನಾಗಭೂಷಣಪ್ಪನಿಗೆ ಸೋದರಮಾವ. ಹುಣಸೆ ಸಿಪ್ಪೆ ಹಾರಿ ಬಂದು ಅವರ ಕಣದಲ್ಲಿ ಬೀಳ್ತದೆ ಅಂತ ವರ್ಷಕ್ಕೆ ನಾಕು ಸಲ ನನ್ನ ಜೊತೆ ಜಗಳ ಆಡ್ತಾರೆ. ಅವರ ಸಹಿ ಈ ಜನ್ಮದಲ್ಲಿ ಸಿಗೋ ಮಾತಲ್ಲ.

ಆಫೀಸಿನ ಮೆಟ್ಟಿಲಲ್ಲೇ ನಾಗಭೂಷಣಪ್ಪ ಸಿಕ್ಕಿದ. ಮೊಬೈಲು ಸವರ್ತಾ ನಿಂತಿದ್ದ. "ಯಾಕಮ್ಮ ಒದ್ದಾಡ್ತೀಯ, ಶೆಡ್ಡು ಖಾಲಿ ಐತೆ. ಎಲ್ಲಾರ್ನೂ ಕರ್ಕೊಂಡು ಬಾ. ಹಳೇದೆಲ್ಲ ನಾನು ಮನಸ್ಸಲ್ಲಿ ಇಟ್ಕೊಳಲ್ಲ."

"ಬರ್ತೀನಣ್ಣ. ಮೊದಲು ನೀನು ಗೇಟಲ್ಲಿ ನಿಂತು ನಿನ್ನ ಪಂಚೆ ಒದರು, ನಾವು ಹನ್ನೊಂದು ಜನ ನಿಂತು ನೋಡ್ತೀವಿ. ಎಲ್ಲಾರ್ಗೂ ಒಂದೇ ರೂಲ್ಸು," ಅಂದೆ. ಆಫೀಸಿನೊಳಗೆ ಯಾರೋ ಕಿಸಕ್ಕಂದ್ರು. ಅವನ ಮುಖ ಕೆಂಪಗಾಯ್ತು. ನಾನು ಹಿಂದೆ ತಿರುಗಿ ನೋಡದೆ ಬಂದೆ.

ಅಲ್ಲಿಂದ ನೆಟ್ಟಗೆ ವನಜಾಕ್ಷಿ ಮನೆಗೆ ಹೋದೆ. ಅಡುಗೆಮನೇಲಿ ಸೊಪ್ಪು ಬಿಡಿಸ್ತಾ ಕೂತಿದ್ಳು. ಬಾ ಅನ್ನಲಿಲ್ಲ. ನಾನೇ ಹೋಗಿ ಪಕ್ಕದಲ್ಲಿ ಕೂತೆ.

"ತಪ್ಪಾಯ್ತು ಕಣೇ," ಅಂದೆ. ಜನ್ಮದಲ್ಲಿ ಯಾರಿಗೂ ಅಂದೋಳಲ್ಲ ನಾನು, ಕಟ್ಕೊಂಡ ಗಂಡನಿಗೂ ಅಂದಿಲ್ಲ.

ಅವಳು ತಲೆ ಎತ್ತಲಿಲ್ಲ. "ನನ್ನ ಮನೆ ಒಲೆ ನಿನ್ನಿಂದ ಉರೀತೈತಾ ಅಕ್ಕ?"

"ಇಲ್ಲ."

"ನಿನ್ನ ಹಣ್ಣು ಕುಟ್ಟಿದಷ್ಟೇ ದಿನ ನೀನು ನನ್ನ ಹಣ್ಣು ಕುಟ್ಟಿದೀಯಾ ತಾನೆ?"

"ಹೂಂ."

"ಮತ್ತೆ ನಾನು ನಿನ್ನ ಆಳು ಹೆಂಗಾದೆ? ಆ ಫ್ಲೆಕ್ಸು ನೋಡಿ ನನ್ನ ಮೈದುನ ಏನಂದ ಗೊತ್ತಾ? ಅತ್ತಿಗೆ, ನಾಗಭೂಷಣಪ್ಪನ ಕೂಲಿ ಬಿಟ್ಟು ಈಶ್ವರಮ್ಮನ ಕೂಲಿ ಹಿಡಿದ್ಯಾ, ಅಂದ. ಉಣ್ತಿದ್ದ ತಟ್ಟೆ ಬಿಟ್ಟು ಎದ್ದೆ ನಾನು. ಊರಿನ ಮುಂದೆ ಮೈಕಲ್ಲಿ ಹೇಳಿ, ತಪ್ಪಾಯ್ತು ಅನ್ನೋಕೆ ಮಾತ್ರ ನನ್ನ ಅಡುಗೆಮನೆಗೆ ಬಂದ್ಯಾ? ಯಾರ ಮುಂದೆ ಅಂದಿದ್ಯೋ ಅವರ ಮುಂದೆ ಹೇಳು ಹೋಗು."

"ಶುಕ್ರವಾರ ಪಿಡಿಒ ಬರ್ತಾರೆ. ನೀವೆಲ್ಲ ನಮ್ಮ ಮನೆಗೆ ಬನ್ನಿ, ಹೇಳ್ತೀನಿ."

"ನಿನ್ನ ಮನೆಗೆ ಯಾಕೆ ಬರ್ಬೇಕು? ಶುಕ್ರವಾರ ನನ್ನ ಮನೆ ಸರದಿ," ಅಂದು ಸೊಪ್ಪಿನ ಬುಟ್ಟಿ ಎತ್ಕೊಂಡು ಎದ್ದು ಹೋದ್ಳು.

ಎರಡು ದಿನ ಸಿಟ್ಟಲ್ಲೇ ಇದ್ದೆ. ಅವಳ ಮೇಲೆ ಸಿಟ್ಟು, ಫ್ಲೆಕ್ಸು ಮಾಡಿಸಿದೋರ ಮೇಲೆ ಸಿಟ್ಟು, ನನ್ನ ಮೇಲೆ ಎಲ್ಲಕ್ಕಿಂತ ಜಾಸ್ತಿ. ಗುರುವಾರ ನಮ್ಮ ಮನೆ ಸರದಿ, ಯಾರೂ ಬರ್ಲಿಲ್ಲ, ಒಬ್ಬಳೇ ಕೂತು ಒಂದು ಮೂಟೆ ಬಿಚ್ಚಿದೆ. ಬೆಳಿಗ್ಗೆಯಿಂದ ಸಂಜೆವರೆಗೂ ಕುಟ್ಟಿದ್ರೂ ಅರ್ಧವೂ ಆಗಲಿಲ್ಲ. ಮಾತಿಲ್ಲ, ನಗು ಇಲ್ಲ. ಅಂಗಳ ಅನ್ನೋದು ಬಿಕೋ ಅಂತಿತ್ತು.

ಶುಕ್ರವಾರ ಬೆಳಿಗ್ಗೆ ನಮ್ಮನೆಯೋರು ಸ್ಕೂಲಿಗೆ ರಜಾ ಹಾಕಿ, ಶರ್ಟು ಇಸ್ತ್ರಿ ಮಾಡಿಸಿ, ಜಗುಲಿ ಮೇಲೆ ಚಾಪೆ ಹಾಸಿ ಕಾಯ್ತಾ ಕೂತಿದ್ರು. ನಾನು ಕೊಡತಿ ತಕ್ಕೊಂಡು ಹೊರಟೆ.

"ಲೇ ಈಶ್ವರಿ, ಎಲ್ಲಿಗೆ? ಸಾಹೇಬ್ರು ಹನ್ನೊಂದಕ್ಕೆ ಬರ್ತಾರೆ. ಹಾಜರಿರತಕ್ಕದ್ದು ಅಂತ ಬರೆದವ್ರೆ."

"ವನಜಾಕ್ಷಿ ಮನೆಗೆ ಆಳಾಗಿ ಹೋಗ್ತಿದೀನಿ. ಬಂದೋರಿಗೆ ದಾರಿ ತೋರಿಸಿ," ಅಂದೆ.

ವನಜಾಕ್ಷಿ ಅಂಗಳದಲ್ಲಿ ಒಂಬತ್ತು ಜನ ಆಗಲೇ ಕೂತಿದ್ರು. ನನ್ನನ್ನ ಯಾರೂ ಕರೆದಿರ್ಲಿಲ್ಲ. ಎಲ್ಲಾರ ಕೈಯೂ ನಿಂತ್ವು. ನಾನು ಯಾರ ಮುಖವನ್ನೂ ನೋಡದೆ, ರಾಶಿ ಪಕ್ಕ ಒಂದು ಕಲ್ಲು ಎಳ್ಕೊಂಡು ಕೂತು ಕುಟ್ಟೋಕೆ ಶುರು ಮಾಡಿದೆ. ಎದ್ದು ಹೋಗು ಅಂದಿದ್ರೆ ಏನು ಮಾಡ್ತಿದ್ನೋ ಗೊತ್ತಿಲ್ಲ. ವನಜಾಕ್ಷಿ ಒಳಗಿಂದ ಬಂದು ನೋಡಿದ್ಳು. ಮುದ್ದೆಗೆ ಎಸರು ಇಡೋಕೆ ಮತ್ತೆ ಒಳಗೆ ಹೋದ್ಳು.

ಹನ್ನೊಂದೂವರೆಗೆ ಬಂದ್ರು ನೋಡಿ ದಂಡು. ಮುಂದೆ ನಮ್ಮನೆಯೋರು, ಹಿಂದೆ ಪಿಡಿಒ, ಚಿಕ್ಕಹನುಮಯ್ಯ, ನಾಗಭೂಷಣಪ್ಪ. ಮಹಜರಿಗೆ ಸಾಕ್ಷಿ ಸಹಿ ಹಾಕೋಕೆ ಅಂತ ಚನ್ನಮಲ್ಲಯ್ಯನೋರು ಬೇರೆ, ಕೋಲು ಊರ್ಕೊಂಡು. ಓಣಿಯ ಅರ್ಧ ಜನ ಅವರ ಹಿಂದೆ.

"ಏನಮ್ಮ ಇದು?" ಪಿಡಿಒಗೆ ಬಿಸಿಲಲ್ಲಿ ನಡೆದು ಸಿಟ್ಟು ಬಂದಿತ್ತು. "ನಿಮ್ಮ ಮನೇಲಿ ಹಾಜರಿರಿ ಅಂದರೆ ಇಲ್ಲಿ ಕೂತಿದ್ದೀರಿ?"

"ಇವತ್ತು ಇಲ್ಲಿ ಕೆಲಸ ಸಾರ್. ಬಿಟ್ಟು ಬಂದ್ರೆ ಮನೆಯೋಳು ಬೈತಾಳೆ," ಅಂದೆ.

"ನಾಟಕ ಸಾರ್ ಇದು," ಅಂದ ನಾಗಭೂಷಣಪ್ಪ. "ಹೇಳೋದೇನು, ಇವಳ ಬಾಯಲ್ಲೇ ಕೇಳಿ." ಮೊಬೈಲು ಎತ್ತಿ ಹಿಡಿದು ವಿಡಿಯೋ ಹಾಕಿದ. ಸೌಂಡು ಪೂರ್ತಿ ಇಟ್ಟಿದ್ದ. ನನ್ನ ದನಿ ಅಂಗಳಕ್ಕೆಲ್ಲ ಕೇಳಿಸ್ತು: ಹತ್ತು ಮನೆ ಒಲೆ ನನ್ನಿಂದ ಉರೀತೈತೆ. ಆಮೇಲೆ ಚಪ್ಪಾಳೆ. ಸಾಲದು ಅಂತ ಇನ್ನೊಂದು ಸಲ ಹಾಕಿದ.

ಅಯ್ಯೋ, ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಒಂಬತ್ತು ಜನ ಹೆಂಗಸ್ರೂ ನೆಲ ನೋಡ್ತಾ ಕೂತಿದ್ರು, ತಪ್ಪು ಅವರೇ ಮಾಡಿದಂಗೆ. ಅದು ನೋಡಿಯೇ ನನಗೆ ತಡೀಲಿಲ್ಲ. ಎದ್ದು ನಿಂತೆ.

"ಹಾಕಣ್ಣ, ಇನ್ನೊಂದು ಸಲ ಹಾಕು. ಊರೆಲ್ಲ ಕೇಳ್ಲಿ. ಸುಳ್ಳು ಅದು. ನಾನು ಹೇಳಿದ ಸುಳ್ಳು. ಶಾಲು ಹೊದಿಸ್ತಾರೆ, ಫೋಟೋ ಹಾಕ್ತಾರೆ ಅಂತ ಆಸೆ ಬಿದ್ದು ಹೇಳಿದೆ. ಇವರು ಯಾರೂ ನನ್ನ ಕೂಲಿಯೋರಲ್ಲ. ಇವರಿಲ್ಲದೆ ನಿನ್ನೆ ಒಬ್ಬಳೇ ಕೂತೆ, ಅರ್ಧ ಮೂಟೆ ಆಗಲಿಲ್ಲ ನನ್ನ ಕೈಲಿ. ಉರೀತಿದ್ದುದು ನನ್ನ ಒಲೆ, ಇವರಿಂದ. ಬರ್ಕೊಳಿ ಸಾರ್. ಬೇಕಾದ್ರೆ ನೀವೂ ವಿಡಿಯೋ ಮಾಡ್ಕೊಳಿ."

ನಮ್ಮನೆಯೋರು ಕನ್ನಡಕ ತೆಗೆದು ಒರೆಸ್ತಾ ನಿಂತ್ರು.

"ಬಿಟ್ಟಿ ಯಾರು ಸಾರ್ ದುಡೀತಾರೆ?" ನಾಗಭೂಷಣಪ್ಪ ಬಿಡಲಿಲ್ಲ. "ಹನ್ನೊಂದು ಜನ ಸುಮ್ಮನೆ ಬಂದು ಇನ್ನೊಬ್ಬರ ಹಣ್ಣು ಕುಟ್ತಾರಾ? ಕೂಲಿ ಕೊಡ್ತಾಳೆ ಅಂತ ಬರೀರಿ. ಮಾವ ಸಾಕ್ಷಿ ಹಾಕ್ತಾರೆ."

ಪಿಡಿಒ ಚನ್ನಮಲ್ಲಯ್ಯನೋರ ಕಡೆ ತಿರುಗಿ, "ನೀವು ಪಕ್ಕದವರು. ಏನು ಬರೀಲಿ ಹೇಳಿ," ಅಂದ್ರು.

ಮುಗೀತು ನನ್ನ ಕಥೆ ಅಂದ್ಕೊಂಡೆ. ಚನ್ನಮಲ್ಲಯ್ಯನೋರು ಕೋಲನ್ನ ನೆಲಕ್ಕೆ ಕುಟ್ಟಿ, ನನ್ನನ್ನ ದುರುಗುಟ್ಟಿ ನೋಡಿದ್ರು.

"ಇವಳು ಗಯ್ಯಾಳಿ. ಇವಳ ಮನೆ ಸಿಪ್ಪೆ ನನ್ನ ಕಣದ ತುಂಬ ಐತೆ. ಒಪ್ಪಿಗೆ ಕೇಳಿದ್ರೆ ನಾನು ಕೊಡಲ್ಲ," ಅಂದ್ರು. ನಾಗಭೂಷಣಪ್ಪ ತಲೆ ಆಡಿಸಿದ. "ಆದರೆ ಇವರು ಮನೆ ಮನೆ ತಿರುಗೋದನ್ನ ಎರಡು ವರ್ಷದಿಂದ ನೋಡ್ತಿದೀನಿ. ನಮ್ಮಪ್ಪ ಕಳೆ ತೆಗೆಸಿದ್ದು ಮುಯ್ಯಾಳಲ್ಲೇ, ನಾನು ಮಾಡಿದ್ದೂ ಅಂಗೇ. ಲೇ ಭೂಷಣ, ನಿಮ್ಮವ್ವ ಬೇರೆಯೋರ ಹೊಲಕ್ಕೆ ಮುಯ್ಯಿಗೆ ಹೋಗಿಲ್ವೇನ್ಲಾ? ಅವಳಿಗೆ ಯಾರು ಕೂಲಿ ಕೊಟ್ರೋ? ಇಲ್ಲದ್ದನ್ನ ಬರೆದ್ರೆ ನಾನು ಸಹಿ ಹಾಕಲ್ಲ."

ನಾಗಭೂಷಣಪ್ಪ ಮೊಬೈಲು ಜೇಬಿಗೆ ಹಾಕ್ಕೊಂಡು, "ಹಣ್ಣು ತಗೊಂಡು ಎಲ್ಲಿಗೆ ಹೋಗ್ತೀರಾ? ಮಾರೋಕೆ ನನ್ನ ಹತ್ರಾನೇ ಬರ್ಬೇಕು," ಅಂದ.

"ಹಿಂದೂಪುರದ ಮಂಡಿಗೆ ಬಸ್ಸೈತೆ ಅಣ್ಣಯ್ಯ," ಅಂತ ಒಳಗಿಂದ ದನಿ ಬಂತು. ವನಜಾಕ್ಷಿ. ಕೈಯಲ್ಲಿ ಮುದ್ದೆ ಕೋಲು ಹಿಡ್ಕೊಂಡೇ ಹೊರಗೆ ಬಂದಿದ್ಳು. "ಟಿಕೆಟ್ಟೂ ಇಲ್ಲ ಹೆಂಗಸ್ರಿಗೆ, ಆಂಧ್ರದ ಗಡಿವರೆಗೂ." ಜನ ಗೊಳ್ಳಂದ್ರು. ನಾಗಭೂಷಣಪ್ಪ ನಿಲ್ಲಲಿಲ್ಲ, ದಾಪುಗಾಲು ಹಾಕ್ಕೊಂಡು ಹೋದ.

ಪಿಡಿಒ ಜಗುಲಿ ಮೇಲೆ ಕೂತು ಫಾರಂ ಬಿಚ್ಚಿದ್ರು. "ಕೂಲಿಯಾಳು ಇಲ್ಲ, ಪರವಾನಗಿ ಅಗತ್ಯವಿಲ್ಲ ಅಂತ ಬರೀತೀನಿ. ಆದರೆ ಇಲ್ಲಿ ಕೆಲಸ ನಡೆಸೋರ ಹೆಸರು ಅಂತ ಒಂದು ಜಾಗ ಇದೆ. ಒಂದೇ ಗೆರೆ. ಯಾರದು ಹಾಕಲಿ? ನಿಮ್ಮದಾ?"

"ಹನ್ನೊಂದೂ ಹಾಕಿ," ಅಂದೆ. "ಜಾಗ ಸಾಲದಿದ್ರೆ ಅಂಚಲ್ಲಿ ಬರೀರಿ. ನಾಳೆ ಇನ್ನೊಬ್ಬ ದೂರು ಕೊಟ್ರೆ ಹನ್ನೊಂದು ಬಾಗಿಲಿಗೆ ನೋಟಿಸು ಅಂಟಿಸ್ಬೇಕು ನೀವು, ಚಿಕ್ಕಹನುಮಯ್ಯನ ಗೋಂದು ಖಾಲಿಯಾಗ್ಲಿ. ಮೊದಲು ವನಜಾಕ್ಷಿ ಅಂತ ಬರೀರಿ. ನಂದು ಎಲ್ಲಾರದೂ ಆದಮೇಲೆ."

ಒಬ್ಬೊಬ್ಬಳೇ ಎದ್ದು ಬಂದು, ಕೈಯಲ್ಲಿದ್ದ ಹುಣಸೆ ಜಿಗುಟು ಸೆರಗಿಗೆ ಒರೆಸ್ಕೊಂಡು ಹೆಸರು ಹೇಳಿದ್ರು. ತಂದೆ ಹೆಸರು, ಗಂಡನ ಹೆಸರು ಕೇಳಿದ್ರು ಪಿಡಿಒ, ಜಾಗ ಇಲ್ಲ ಅಂತ ಅವರೇ ಬಿಟ್ರು. ಹನ್ನೊಂದನೇ ಹೆಸರು ಫಾರಂನ ಮೂಲೇಲಿ ಅಡ್ಡಡ್ಡ ಬಂತು. ಚನ್ನಮಲ್ಲಯ್ಯನೋರು ಸಹಿ ಹಾಕಿ, ಸಿಪ್ಪೆ ವಿಷಯ ಮರೆತಿಲ್ಲ ಅಂತ ನನಗೆ ಹೇಳಿಯೇ ಹೋದ್ರು.

ಎಲ್ಲಾರೂ ಹೋದ ಮೇಲೆ ನಾವು ಮತ್ತೆ ಕುಟ್ಟೋಕೆ ಕೂತ್ವಿ. ನನ್ನ ಜೊತೆ ಇನ್ನೂ ಯಾರೂ ಮಾತಾಡಲಿಲ್ಲ. ನಾನೂ ಕೇಳಲಿಲ್ಲ. ಪಂಚಾಯ್ತಿ ಮುಂದೆ ಗೆದ್ದಿದ್ದೆ, ಆದರೆ ನಡುಮನೇಲಿ ನನ್ನ ಮೂಟೆಗಳು ಅಂಗೇ ಇದ್ವು. ಬನ್ನಿ ಅಂತ ಕರೆಯೋ ಮುಖ ನನಗೆ ಇರ್ಲಿಲ್ಲ. ವನಜಾಕ್ಷಿ ಎಲ್ಲಾರ ತಟ್ಟೆಗೂ ಮುದ್ದೆ ಇಕ್ಕಿ, ಕೊನೆಗೆ ನನ್ನ ಮುಂದೆ ಬಂದ್ಳು. ಮುದ್ದೆ ಇಟ್ಟು, ಸಾರು ಬಿಟ್ಟು, ಸೌಟು ಹಿಡ್ಕೊಂಡು ಅಲ್ಲೇ ನಿಂತ್ಳು.

"ನಾಳೆ ನಿನ್ನ ಮನೆಗೆ ಎಷ್ಟೊತ್ತಿಗೆ ಬರ್ಬೇಕಕ್ಕ?" ಅಂದ್ಳು.

ನಾನು ಗಟ್ಟಿಗಿತ್ತಿ ಅಂತ ಊರೆಲ್ಲ ಹೇಳ್ತದೆ. ಅತ್ತುಬುಟ್ಟೆ ಕಣ್ರೀ, ಮುದ್ದೆ ಮುಂದೆ ಕೂತು, ಹತ್ತು ಜನರ ಎದುರಿಗೆ, ಸಣ್ಣ ಮಗು ಅತ್ತಂಗೆ. ಆಮೇಲೆ ಕಣ್ಣು ಒರೆಸ್ಕೊಂಡು, "ಎಂಟಕ್ಕೆ ಬರ್ಬೇಕು ಎಲ್ಲಾರೂ," ಅಂತ ಗದರಿಸಿದೆ. ಗದರಿಸಿದ್ದಕ್ಕೆ ಅವರೆಲ್ಲ ನಕ್ರು.